ಮರೆಯಾಗಲು ಒಂದು ಕಂಬವೂ ಇಲ್ಲ

ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವವರ ನಿಜವಾದ ಸುಖ ಯಾವುದು ಗೊತ್ತೇನ್ರೀ? ಸಂಬಳ ಅಂತೀರಿ. ಗಾಜಿನ ಕಟ್ಟಡ, ಜಿಮ್ಮು, ಎರಡು ವರ್ಷಕ್ಕೊಮ್ಮೆ ಅಮೆರಿಕ ಅಂತೀರಿ. ಅದೆಲ್ಲ ಗೇಟಿನ ಆಚೆ ನಿಂತು ನೋಡುವವರ ಲೆಕ್ಕ. ಒಳಗಿದ್ದವರು ಯಾರಿಗೂ ಹೇಳದೆ ಅನುಭವಿಸುವ ಸುಖ ಒಂದೇ ಒಂದು: ಬೇಕೆಂದಾಗ ಕಾಣೆಯಾಗುವುದು. ಕೈಯಲ್ಲೊಂದು ಲ್ಯಾಪ್‌ಟಾಪು ಹಿಡಿದು, ಹುಬ್ಬನ್ನು ತುಸು ಗಂಟಿಕ್ಕಿ, ಬಿರಬಿರನೆ ನಡೆದರೆ ಮುಗಿಯಿತು, ತಡೆಯುವವರಿಲ್ಲ. ಒಂದನೇ ಕಟ್ಟಡದವರು ನೀವು ಮೂರನೇ ಕಟ್ಟಡದಲ್ಲಿದ್ದೀರಿ ಅಂದುಕೊಳ್ಳುತ್ತಾರೆ. ಮೂರನೆಯದರವರು ಒಂದನೆಯದರಲ್ಲಿ ಅಂದುಕೊಳ್ಳುತ್ತಾರೆ. ನೀವು ನಡುವಿನ ಹುಲ್ಲುಹಾಸಿನ ಪಕ್ಕದ ಬೆಂಚಿನ ಮೇಲೆ ಕೂತು ತಂಗಿಗೆ ಫೋನ್ ಮಾಡಿ ಅವಳ ನಾದಿನಿಯ ಸಮಾಚಾರ ಕೇಳುತ್ತಿರುತ್ತೀರಿ. ಸಿಕ್ಕಿಬಿದ್ದರೂ ಭಯವಿಲ್ಲ, "ಮೀಟಿಂಗ್ ಇತ್ತು" ಅನ್ನುವ ಎರಡು ಶಬ್ದಕ್ಕೆ ಆ ಆವರಣದೊಳಗೆ ಎದುರು ಮಾತಿಲ್ಲ.

ನಮ್ಮ ವಿಭಾಗದಲ್ಲಿ ಒಬ್ಬರು ಹಿರಿಯರಿದ್ದರು. ಅವರು ಕೆಲಸ ಬಿಟ್ಟ ದಿನ ಕೇಕು ತಂದರು, ಹಾರ ತಂದರು. ಭಾಷಣ ಮಾಡಬೇಕಾದ ಮ್ಯಾನೇಜರಿಗೆ ಅವರು ಇಷ್ಟು ವರ್ಷ ಏನು ಕೆಲಸ ಮಾಡುತ್ತಿದ್ದರು ಅನ್ನುವುದು ಮಾತ್ರ ಗೊತ್ತಿರಲಿಲ್ಲ. "ಇವರ ಸೇವೆಯನ್ನು ಮಾತಿನಲ್ಲಿ ಹೇಳುವುದು ಸಾಧ್ಯವಿಲ್ಲ" ಎಂದು ಹೇಳಿ ಕೂತರು. ಅಷ್ಟು ಸತ್ಯವಾದ ಬೀಳ್ಕೊಡುಗೆ ಭಾಷಣವನ್ನು ನಾನು ಇನ್ನೊಂದು ಕೇಳಿಲ್ಲ.

ಅಂಥ ಕಡೆಯಿಂದ ನಾನು ಎದ್ದು ಬಂದಿದ್ದು ಒಂದು ಸ್ಟಾರ್ಟಪ್ಪಿಗೆ, ಅಲ್ಲಿನ ಲೆಕ್ಕಪತ್ರ ನೋಡಿಕೊಳ್ಳಲು. ಯಾಕೆ ಬಂದೆ ಅಂತ ಮಾತ್ರ ಕೇಳಬೇಡಿ. ದೊಡ್ಡ ಕಂಪನಿಯಲ್ಲಿ ನನ್ನ ಕೆಲಸ ಮಾಡಲು ಒಂದು ತಂತ್ರಾಂಶ ಬಂತು. ಅದು ಸರಿಯಾಗಿ ಮಾಡುತ್ತಿದೆಯೇ ಎಂದು ನೋಡುವ ಕೆಲಸ ನನಗೆ ಬಂತು. ಆಮೇಲೆ ಅದನ್ನು ನೋಡಲೂ ಇನ್ನೊಂದು ತಂತ್ರಾಂಶ ಬಂತು. ಇಷ್ಟು ಸಾಕಲ್ಲ?

ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ "ಆ ಕಂಪನಿ ಹೆಸರು ಇನ್ನೊಂದ್ಸಲ ಹೇಳು" ಅಂದರು. ಎರಡನೇ ಸಲ ಹೇಳಿದ ಮೇಲೆ "ಇರಲಿ ಬಿಡು, ಯಾರಾದ್ರೂ ಕೇಳಿದ್ರೆ ಕಂಪ್ಯೂಟರ್ ಅಂತೀನಿ" ಅಂದರು. ಮಾವನವರು ಕೇಳಿದ್ದು ಒಂದೇ ಪ್ರಶ್ನೆ: "ಪಿಎಫ್ ಇದೆಯೇನಮ್ಮಾ?"

ಮಾವನವರು ಎಚ್‌ಎಂಟಿಯ ಬೆಂಗಳೂರಿನ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಆ ಮಾತು ಬಂದರೆ ಇವತ್ತಿಗೂ ಅವರ ಬೆನ್ನು ನೆಟ್ಟಗಾಗುತ್ತದೆ. "61ರಲ್ಲಿ ಶುರುವಾಗಿದ್ದು. ಜಪಾನಿನ ಸಿಟಿಜನ್‌ನವರು ಬಂದು ಕಲಿಸಿಕೊಟ್ರು. ಬಾಗಿಲು ಹಾಕೋಕೆ ಐವತ್ತೈದು ವರ್ಷ ಹಿಡೀತು. ನಿಮ್ಮದು ಎಷ್ಟು ತಿಂಗಳು?" ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2016ರ ಜನವರಿಯ ಮೊದಲ ವಾರದಲ್ಲಿ. ಅದೇ ಜನವರಿ 16ರಂದು ದೆಹಲಿಯಲ್ಲಿ ಸ್ಟಾರ್ಟಪ್ ಇಂಡಿಯಾ ಯೋಜನೆಗೆ ದೀಪ ಹಚ್ಚಿದರು. ಇದು ಕಾಕತಾಳೀಯ ಅಂದರೆ ಮಾವನವರು ಒಪ್ಪುವುದಿಲ್ಲ. "ನಮ್ಮ ದೀಪದಿಂದಲೇ ಹಚ್ಚಿಕೊಂಡ್ರು" ಅನ್ನುತ್ತಾರೆ. ಪಿಎಫ್ ವಿಷಯಕ್ಕೆ ನಾನು ಆ ದಿನ "ನೋಡ್ಬೇಕು ಮಾವಾ" ಎಂದು ತೇಲಿಸಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆಫೀಸಿಗೆ ಬನ್ನಿ. ಜಾಲಹಳ್ಳಿಯಿಂದ ಹಸಿರು ಮೆಟ್ರೋದಲ್ಲಿ ಆರ್.ವಿ. ರಸ್ತೆ, ಅಲ್ಲಿ ಇಳಿದು ಹಳದಿ ಮೆಟ್ರೋದಲ್ಲಿ ಸಿಲ್ಕ್ ಬೋರ್ಡ್, ಅಲ್ಲಿಂದ ಮೀಟರ್ ಹಾಕಲು ಒಪ್ಪುವ ಆಟೋ ಸಿಕ್ಕರೆ ಆಟೋ, ಸಿಗದಿದ್ದರೆ ಕಾಲು. ಹಿಂದಿನ ಕಂಪನಿಯ ಬಸ್ಸಿನಲ್ಲಿ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿಯ ತನಕ ಕಣ್ಣು ಬಿಡುವ ಅಗತ್ಯವಿರಲಿಲ್ಲ. ನನ್ನ ಅರ್ಧ ಸೇವಾವಧಿ ನಿದ್ರೆಯಲ್ಲೇ ಸಂದಿದೆ. ಈಗ ಹೋಗುವುದು ಎಚ್‌ಎಸ್‌ಆರ್ ಬಡಾವಣೆಗೆ. ಹೊಸೂರು ರಸ್ತೆಗೂ ಸರ್ಜಾಪುರ ರಸ್ತೆಗೂ ನಡುವೆ ಇರುವ ಈ ಬಡಾವಣೆಯಲ್ಲಿ ಯಾವುದೇ ಮನೆಯ ಮೆಟ್ಟಿಲ ಬಳಿ ಹದಿನೈದು ಜೊತೆಗಿಂತ ಹೆಚ್ಚು ಶೂ ಕಂಡರೆ ಎರಡೇ ಅರ್ಥ, ಒಳಗೆ ಸತ್ಯನಾರಾಯಣ ಪೂಜೆ ನಡೆಯುತ್ತಿದೆ, ಇಲ್ಲವೇ ಕಂಪನಿ ನಡೆಯುತ್ತಿದೆ. ಪಕ್ಕದ ಕೋರಮಂಗಲದ ಒಂದು ಫ್ಲ್ಯಾಟಿನಲ್ಲಿ 2007ರಲ್ಲಿ ಇಬ್ಬರು ಬನ್ಸಲ್‌ಗಳು ಪುಸ್ತಕ ಮಾರಲು ಶುರುಮಾಡಿದ ಫ್ಲಿಪ್‌ಕಾರ್ಟಿನ ಮುಕ್ಕಾಲು ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಕೊಂಡಿತಲ್ಲ, ಅಂದಿನಿಂದ ಈ ಸುತ್ತಿನ ಮನೆ ಮಾಲೀಕರಿಗೆಲ್ಲ ತಮ್ಮ ಮೊದಲ ಮಹಡಿಯ ಬಗ್ಗೆ ಬೇರೆಯೇ ಅಭಿಪ್ರಾಯ ಬಂದಿದೆ.

ನಮ್ಮದೂ ಮೊದಲ ಮಹಡಿಯೇ. ಮೂರು ಮಲಗುವ ಕೋಣೆಯ ಮನೆ. ನಡುವಿನ ಎರಡು ಗೋಡೆ ಒಡೆದು ದೊಡ್ಡ ಹಜಾರ ಮಾಡಿದ್ದಾರೆ. ಅಲ್ಲೇ ಎಲ್ಲರೂ ಎದುರುಬದುರು. ಗೋಡೆಯೂ ಇಲ್ಲ, ತಟ್ಟಿಯೂ ಇಲ್ಲ, ಮರೆಯಾಗಲು ಒಂದು ಕಂಬವೂ ಇಲ್ಲ. ನೀವು ಸೀನಿದರೆ ಹದಿನೇಳು ಜನ ತಲೆ ಎತ್ತುತ್ತಾರೆ, ಎರಡನೇ ಸಲ ಸೀನಿದರೆ ಯಾರೋ ಮಾತ್ರೆ ತಂದುಕೊಡುತ್ತಾರೆ, ಮೂರನೇ ಸಲಕ್ಕೆ "ಮನೆಯಿಂದಲೇ ಕೆಲಸ ಮಾಡಿ" ಎಂದು ಕಳಿಸುತ್ತಾರೆ.

ನನ್ನ ಪಾಡು ಇನ್ನೂ ವಿಚಿತ್ರ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲರ ಸಂಬಳವಿದೆ. ಹಿಂದೆ ಯಾರಾದರೂ ಹಾದುಹೋದರೆ ಸಾಕು, ಸಂಜೆಯೊಳಗೆ ಮೂವರ ಮುಖ ಊದಿಕೊಂಡಿರುತ್ತದೆ. ಹಾಗಾಗಿ ಬೆನ್ನ ಹಿಂದೆ ಗೋಡೆ ಇರುವ ಜಾಗವೇ ಬೇಕು. ಅಂಥದ್ದು ಇಡೀ ಆಫೀಸಿನಲ್ಲಿ ಒಂದೇ ಇತ್ತು, ಬಚ್ಚಲುಮನೆಯ ಬಾಗಿಲ ಪಕ್ಕ. ಈಗ ಯಾರು ಎಷ್ಟು ಹೊತ್ತಿಗೆ ಒಳಗೆ ಹೋಗಿ ಎಷ್ಟು ಹೊತ್ತು ಫೋನ್ ನೋಡುತ್ತಾರೆ ಅನ್ನುವುದೂ ನನ್ನ ಲೆಕ್ಕಪತ್ರಕ್ಕೆ ಸೇರಿದೆ. ಇರುವ ಬಚ್ಚಲುಮನೆ ಅದೊಂದೇ. ದೊಡ್ಡ ಕಂಪನಿಯಲ್ಲಿ ಅಲ್ಲಿ ಕೂತು ಇಡೀ ಕ್ರಿಕೆಟ್ ಪಂದ್ಯ ನೋಡಿದವರಿದ್ದಾರೆ. ಇಲ್ಲಿ ಒಂದು ಓವರ್ ಮುಗಿಯುವ ಮೊದಲೇ ಬಾಗಿಲು ತಟ್ಟುತ್ತಾರೆ.

ಗುಟ್ಟಾಗಿ ಫೋನಿನಲ್ಲಿ ಮಾತಾಡಬೇಕಾದರೆ ಒಂದು ಜಾಗವಿದೆ, ಹಳೆಯ ದೇವರಕೋಣೆ. ಅದರ ಕೆತ್ತನೆಯ ಬಾಗಿಲನ್ನು ತೆಗೆಯಬಾರದು ಎಂದು ಮನೆ ಮಾಲೀಕರು ಕರಾರಿನಲ್ಲೇ ಬರೆಸಿದ್ದಾರೆ. ಬಾಗಿಲ ತುಂಬ ಪುಟ್ಟ ಹಿತ್ತಾಳೆಯ ಗಂಟೆಗಳು. ಯಾರು ಗುಟ್ಟಿಗೆ ಒಳಗೆ ಹೋದರೂ ಗಂಟೆ ಬಾರಿಸಿಕೊಂಡೇ ಹೋಗಬೇಕು. ನಮ್ಮ ಸ್ಥಾಪಕ ಹುಡುಗ ಹೂಡಿಕೆದಾರರ ಹತ್ತಿರ ಮಾತಾಡುವುದು ಅಲ್ಲಿಂದಲೇ. ದುಡ್ಡು ಬೇಡುವವರಿಗೆ ಅದಕ್ಕಿಂತ ಸರಿಯಾದ ಜಾಗ ಇನ್ನೆಲ್ಲಿದೆ? ಗಂಟೆ ಶಬ್ದವಾದರೆ ಹಜಾರದಲ್ಲಿ ಎಲ್ಲರೂ ಕೀಬೋರ್ಡು ಕುಟ್ಟುವುದನ್ನು ನಿಲ್ಲಿಸಿ ಕಿವಿ ನಿಮಿರಿಸುತ್ತಾರೆ.

ತಾರಸಿಗೆ ಹೋಗೋಣವೆಂದರೆ ಅಲ್ಲಿ ಮಾಲೀಕರ ಮನೆಯಾಕೆ ಸಂಡಿಗೆ ಕಾಯುತ್ತಾ ಕೂತಿರುತ್ತಾರೆ. ನಾನೊಮ್ಮೆ ತಂಗಿಯ ಹತ್ತಿರ ನಮ್ಮ ಸ್ಥಾಪಕನ ಗುಣಗಾನ ಮಾಡಿ ಫೋನ್ ಇಟ್ಟ ಕೂಡಲೇ ಆಕೆ, "ಹಾಗನ್ನಬೇಡಿಮ್ಮಾ, ಹುಡುಗ ಒಳ್ಳೆಯವನು. ಒಂದನೇ ತಾರೀಕಿಗೇ ಬಾಡಿಗೆ ಹಾಕ್ತಾನೆ" ಅಂದರು. ಹಾಕುವವಳು ನಾನೇ ಎಂದು ಹೇಳಬೇಕೆನಿಸಿತು. ಸಂಡಿಗೆ ಕೈಗಿತ್ತರು, ಸುಮ್ಮನಾದೆ.

ಈಗ ಹುದ್ದೆಗಳ ವಿಷಯ. ಇಲ್ಲಿ ಎಲ್ಲರೂ ಮುಖ್ಯಸ್ಥರೇ. ಒಬ್ಬ ತಂತ್ರಜ್ಞಾನದ ಮುಖ್ಯಸ್ಥ, ಒಬ್ಬಳು ಮಾರಾಟದ ಮುಖ್ಯಸ್ಥೆ, ಇನ್ನೊಬ್ಬನಿಗೆ ಗ್ರಾಹಕರ ಸಂತೋಷದ ಮುಖ್ಯಸ್ಥ ಅಂತ ಹೆಸರು. ಯಾರ ಕೈಕೆಳಗೂ ಯಾರೂ ಇಲ್ಲ. ನಾನು ಹಣಕಾಸಿನ ಮುಖ್ಯಸ್ಥೆ, ನನ್ನ ಕೈಕೆಳಗೆ ಒಂದು ಕ್ಯಾಲ್ಕ್ಯುಲೇಟರ್ ಇದೆ. ಸಂದರ್ಶನದಲ್ಲಿ ನನ್ನ ಜವಾಬ್ದಾರಿಗಳೇನು ಎಂದು ಕೇಳಿದ್ದಕ್ಕೆ ಸ್ಥಾಪಕ ಕಣ್ಣರಳಿಸಿ, "ಇಲ್ಲಿ ಯಾರಿಗೂ ಚೌಕಟ್ಟು ಇಲ್ಲ" ಅಂದಿದ್ದ. ಮದುವೆ ಮನೆಗೆ ಎಲ್ಲರಿಗಿಂತ ಮೊದಲೇ ಹೋಗಿ ನೋಡಿ, ಯಾರ ಕಡೆಯವರು ಎಂದು ಯಾರೂ ಕೇಳುವುದಿಲ್ಲ, ಬಾಳೆಎಲೆ ಕೈಗೆ ಕೊಡುತ್ತಾರೆ. ಅದೇ ಆಯಿತು. ಸೇರಿದ ದಿನ ಕೂರಲು ಕುರ್ಚಿಯಿರಲಿಲ್ಲ. ಅದು ರಟ್ಟಿನ ಡಬ್ಬದಲ್ಲಿ ಬಿಡಿಬಿಡಿಯಾಗಿತ್ತು. ಜೋಡಿಸಿಕೊಂಡು ಕೂತೆ. ಕೂತ ಕೂಡಲೇ ಕುಡಿಯುವ ನೀರಿನ ಕ್ಯಾನಿನವನ ಜೊತೆ ದರದ ಮಾತುಕತೆ ಬಂತು. ಮಧ್ಯಾಹ್ನದ ಹೊತ್ತಿಗೆ ಬಂದವನಿಂದ ವೈಫೈ ರಿಪೇರಿ ಮಾಡಿಸಿ ಕಳಿಸಿದೆ. ಲೆಕ್ಕಪತ್ರದ ಕಡತ ಎಲ್ಲಿದೆ ಎಂದು ಕೇಳುವಷ್ಟರಲ್ಲಿ ಸಂಜೆ. ಕಡತ ಇರಲಿಲ್ಲ. ಒಂದು ಬೂಟಿನ ಡಬ್ಬ ಇತ್ತು, ಅದರ ತುಂಬ ರಸೀದಿಗಳು, ಅರ್ಧದ ಮೇಲೆ ಕಾಫಿ ಕಲೆ, ಒಂದರ ಹಿಂದೆ ಯಾರದೋ ಪೆನ್ಸಿಲ್ಲಿನಲ್ಲಿ ಕಂಪನಿಯ ಮೊದಲ ಲಾಂಛನದ ಚಿತ್ರ.

ಕರೆಯುವ ವಿಚಾರದಲ್ಲೂ ಪೇಚಾಟವೇ. ಸ್ಥಾಪಕನಿಗೆ ಇಪ್ಪತ್ತೇಳು. ನನ್ನ ದೊಡ್ಡಕ್ಕನ ಮಗನ ವಾರಿಗೆಯವನು. ಅವನು ನನ್ನನ್ನು ಹೆಸರು ಹಿಡಿದೇ ಕರೆಯುತ್ತಾನೆ, ನಾನೂ ಹಾಗೇ ಕರೆಯಬೇಕಂತೆ. "ಸರ್" ಅಂದರೆ ಹತ್ತು ರೂಪಾಯಿ ದಂಡ, ಗಾಜಿನ ಭರಣಿಗೆ ಹಾಕಬೇಕು. ಬಾಯಿಗೆ ಬಂದ ಅಭ್ಯಾಸ ಹೋಗುತ್ತದೆಯೇ? ನಾನು ಕರೆಯುವುದನ್ನೇ ಬಿಟ್ಟುಬಿಟ್ಟೆ. ಎದುರು ಹೋಗಿ ನಿಂತು "ಇದು ನೋಡಿದ್ರಾ?" ಅನ್ನುತ್ತೇನೆ, ದಂಡವೂ ಇಲ್ಲ, ಸಲುಗೆಯೂ ಇಲ್ಲ. ಮಂಡ್ಯದ ಕಡೆಯ ಹುಡುಗನೊಬ್ಬ ಕೋಡ್ ಬರೆಯಲು ಇದ್ದಾನೆ, ಅವನು ಬಂದ ಮೊದಲ ದಿನದಿಂದ "ಅಕ್ಕೋ" ಅನ್ನುತ್ತಾನೆ. ಅದಕ್ಕೆ ದಂಡ ಹಾಕುವ ಧೈರ್ಯ ಯಾರಿಗೂ ಬಂದಿಲ್ಲ. ಭರಣಿ ತುಂಬಿದಾಗ ಎಲ್ಲರಿಗೂ ಗೋಬಿ ಮಂಚೂರಿ. ಬಾಸು ಅಂತ ಇಲ್ಲಿ ಯಾರೂ ಇಲ್ಲವಂತೆ. ಆದರೂ ಏಸಿ ಎಷ್ಟು ಡಿಗ್ರಿಯಲ್ಲಿರಬೇಕು ಅನ್ನುವುದು ಯಾರ ಮಾತಿನಂತೆ ನಡೆಯುತ್ತದೆ ಎಂದು ಗಮನಿಸಿ, ಶ್ರೇಣಿಯ ಪಟ್ಟಿ ಅಲ್ಲೇ ಸಿಗುತ್ತದೆ.

ಬೆಳಿಗ್ಗೆ ಎದ್ದು ನಿಂತೇ ಮಾಡುವ ಸಭೆಯೊಂದಿದೆ, ಸ್ಟ್ಯಾಂಡಪ್ ಅಂತ. ಸ್ಕ್ರಮ್ ಪದ್ಧತಿಯ ಕೈಪಿಡಿಯಲ್ಲಿ ದಿನದ ಸಭೆಗೆ 15 ನಿಮಿಷ ಅಂತ ಇದೆ. ನಿಂತಿದ್ದರೆ ಕಾಲು ನೋಯುತ್ತದೆ, ಬೇಗ ಮುಗಿಸುತ್ತಾರೆ ಎಂಬ ಲೆಕ್ಕಾಚಾರ. ಬಿಎಂಟಿಸಿ ಬಸ್ಸಿನಲ್ಲಿ ಪಳಗಿದ ಕಾಲುಗಳ ಬಗ್ಗೆ ಆ ಕೈಪಿಡಿ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಮುಕ್ಕಾಲು ಗಂಟೆ ಆರಾಮಾಗಿ ನಿಲ್ಲುತ್ತಾರೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನಿದೆ ಎಂದು ಒಬ್ಬೊಬ್ಬರೂ ಹೇಳಬೇಕು. ತಿಂಗಳ 20ರ ಆಸುಪಾಸಿನಲ್ಲಿ ನನ್ನ ಪಾಠ ಹೀಗಿರುತ್ತದೆ: "ನಿನ್ನೆ ಜಿಎಸ್‌ಟಿ. ಇವತ್ತು ಜಿಎಸ್‌ಟಿ. ಅಡ್ಡಿ, ಜಿಎಸ್‌ಟಿ ಪೋರ್ಟಲ್ಲು." ದೊಡ್ಡ ಕಂಪನಿಯಲ್ಲಿ ಏನೂ ಮಾಡದ ದಿನ "ಸಮನ್ವಯ ಮಾಡಿದೆ" ಎಂದರೆ ನಡೆಯುತ್ತಿತ್ತು. ಇಲ್ಲಿ ಯಾರ ಜೊತೆ ಸಮನ್ವಯ ಮಾಡಿದೆ ಎಂದು ಹೇಳುತ್ತೀರೋ ಅವರು ನಿಮ್ಮ ಪಕ್ಕದಲ್ಲೇ ನಿಂತಿರುತ್ತಾರೆ.

ಅಂದಹಾಗೆ ನಮ್ಮ ಕಂಪನಿ ಏನು ಮಾಡುತ್ತದೆ ಅಂತ ಹೇಳಲಿಲ್ಲ. ಪಿಜಿ ನಡೆಸುವವರಿಗೆ ಒಂದು ಆ್ಯಪ್. ಯಾರ ಬಾಡಿಗೆ ಬಂತು, ಯಾರ ಮುಂಗಡ ಬಾಕಿ, ನಾಳೆ ಬೆಳಿಗ್ಗೆ ತಿಂಡಿಗೆ ಎಷ್ಟು ಜನ, ಇದೆಲ್ಲ ಅದರಲ್ಲಿ ಬರುತ್ತದೆ. ಗ್ರಾಹಕರ ಸಂತೋಷದ ಮುಖ್ಯಸ್ಥನಿಗೆ ಕನ್ನಡ ಬಾರದು. ಕನ್ನಡದಲ್ಲಿ ಫೋನ್ ಬಂದರೆ ಅವನ ಸಂತೋಷ ಹೋಗುತ್ತದೆ, ಫೋನು ನನ್ನ ಕೈಗೆ ಬರುತ್ತದೆ. ಒಂದು ಬೆಳಿಗ್ಗೆ ಮಾರತಹಳ್ಳಿ ಕಡೆಯ ಮಾಲೀಕರು:

"ಮೇಡಂ, ನಿಮ್ ಆ್ಯಪು ನಲವತ್ತು ಜನಕ್ಕೆ ದೋಸೆ ಅಂತು. ಇಲ್ಲಿ ಎಪ್ಪತ್ತು ಜನ ತಟ್ಟೆ ಹಿಡ್ಕೊಂಡು ನಿಂತವ್ರೆ. ನೀವೇ ಬಂದು ಹಿಟ್ಟು ರುಬ್ಬಿಕೊಡ್ತೀರಾ?"

ಹಿಂದಿನ ಕಂಪನಿಯಾಗಿದ್ದರೆ ದೂರಿಗೊಂದು ಸಂಖ್ಯೆ ಕೊಟ್ಟು, ಮೂರು ದಿನದಲ್ಲಿ ಸಂಪರ್ಕಿಸುತ್ತೇವೆ ಎಂದು ಫೋನ್ ಇಡಬಹುದಿತ್ತು. ಇಲ್ಲಿ ತಲೆ ತಿರುಗಿಸಿದೆ. ಹಿಂದಿನ ರಾತ್ರಿ ಆ ಭಾಗದ ಕೋಡ್ ಬದಲಿಸಿದ್ದ ಮಂಡ್ಯದ ಹುಡುಗ ನಾಲ್ಕು ಮಾರು ದೂರದಲ್ಲಿ ಬ್ರೆಡ್ಡು ತಿನ್ನುತ್ತಿದ್ದ. ನನ್ನ ಮುಖ ನೋಡಿದ, ಬ್ರೆಡ್ಡು ಇಟ್ಟ. ರಾತ್ರಿ ಹತ್ತರ ನಂತರ "ಬೇಕು" ಅಂತ ಗುರುತು ಹಾಕಿದವರನ್ನೆಲ್ಲ ಆ್ಯಪು ಮರುದಿನದ ಲೆಕ್ಕಕ್ಕೆ ದೂಡಿತ್ತು. ಅವನು ಅದನ್ನು ಹುಡುಕುವ ತನಕ ನಾನು ಫೋನಿನಲ್ಲಿ ಹೊತ್ತು ಕಳೆಯಬೇಕಿತ್ತಲ್ಲ, "ಅವಲಕ್ಕಿ ಇದೆಯಾ ಅಣ್ಣಾ? ತೆಳು ಅವಲಕ್ಕಿ ಆದ್ರೆ ನೆನೆಸೋದೇ ಬೇಡ, ಈರುಳ್ಳಿ ಒಗ್ಗರಣೆ ಹಾಕಿ ಕಲಸಿ, ಮೇಲೆ ಕಾಯಿತುರಿ, ನಿಂಬೆಹಣ್ಣು. ಮೂವತ್ತು ತಟ್ಟೆ ಹತ್ತು ನಿಮಿಷ" ಅಂದೆ. ಅತ್ತ ಕಡೆ ಯಾರಿಗೋ "ಲೇ, ಅವಲಕ್ಕಿ ತೆಗಿಯೋ" ಎಂದು ಕೂಗಿದ್ದು ಕೇಳಿಸಿತು. ಆ ಮಾಲೀಕರು ಮುಂದೆ ಒಂದು ವರ್ಷದ ಚಂದಾ ಒಟ್ಟಿಗೇ ಕಟ್ಟಿದರು. ಆ್ಯಪಿಗೋ ಅವಲಕ್ಕಿಗೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಹಣ ಖಾತೆಗೆ ಬಿದ್ದ ಕೂಡಲೇ ಹಜಾರದಲ್ಲಿ ಚಪ್ಪಾಳೆಯಾಯಿತು. ನಾನು ಹಿಂದೆ ಕೋಟಿಗಟ್ಟಲೆಯ ಬಿಲ್ಲುಗಳನ್ನು ದಾಖಲಿಸಿದವಳು, ಯಾರೂ ಒಂದು ಚಿಟಿಕೆ ಹೊಡೆದಿರಲಿಲ್ಲ.

ಲೆಕ್ಕಪತ್ರದವಳಿಗೆ ಇಲ್ಲಿರುವ ನಿಜವಾದ ತಾಪತ್ರಯ ಬೇರೆ. ಸ್ಟಾರ್ಟಪ್ಪಿನವರು ರನ್‌ವೇ ಎಂದು ಒಂದು ಲೆಕ್ಕ ಇಟ್ಟಿರುತ್ತಾರೆ. ಬ್ಯಾಂಕಿನಲ್ಲಿರುವ ದುಡ್ಡನ್ನು ತಿಂಗಳು ತಿಂಗಳು ಕೈಬಿಟ್ಟು ಹೋಗುವ ದುಡ್ಡಿನಿಂದ ಭಾಗಿಸಿ. 1 ಕೋಟಿ 80 ಲಕ್ಷ ಇದ್ದು ತಿಂಗಳಿಗೆ 20 ಲಕ್ಷ ಕರಗುತ್ತಿದ್ದರೆ 9 ತಿಂಗಳು ಆಯುಸ್ಸು. ನಿಮ್ಮ ಮನೆಯಲ್ಲಿ, ನನ್ನ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಇವರು ಗೋಡೆಯ ಬಿಳಿ ಹಲಗೆಯ ಮೇಲೆ ಬರೆಯುತ್ತಾರೆ. ಬರೆದದ್ದನ್ನು ಯಾರೂ ನಂಬುವುದಿಲ್ಲ. ನಂಬುವುದು ನನ್ನ ಮುಖವನ್ನು.

ಒಮ್ಮೆ ಹಲ್ಲುನೋವು ಬಂದಿತ್ತು ನನಗೆ. ಎಡದವಡೆಗೆ ಕೈ ಹಚ್ಚಿ ಪರದೆ ನೋಡುತ್ತಾ ಕೂತಿದ್ದೆ, ಅಷ್ಟೇ. ಊಟದ ಹೊತ್ತಿಗೆ ಮಾರಾಟದ ಹುಡುಗಿ ಬಂದು ಮೆತ್ತಗೆ, "ಈ ತಿಂಗಳ ಸಂಬಳ ಲೇಟ್ ಆಗುತ್ತಾ?" ಅಂದಳು. ಸಂಜೆ ಹೊತ್ತಿಗೆ ಇಬ್ಬರು ಗಂಟೆಯ ಬಾಗಿಲು ಸದ್ದು ಮಾಡಿಕೊಂಡು ಒಳಗೆ ಹೋಗಿ ಫೋನಿನಲ್ಲಿ ಪಿಸುಗುಟ್ಟಿ ಬಂದರು. ಅವರ ನೌಕರಿ ಹುಡುಕುವ ಜಾಲತಾಣದ ಪುಟಗಳು ರಾತ್ರಿಯೊಳಗೆ ಹೊಸದಾದವು. ಮರುದಿನ ಸ್ಥಾಪಕನೇ ಬಂದು ಪಕ್ಕದಲ್ಲಿ ಕೂತು, "ನನಗೆ ಗೊತ್ತಿಲ್ಲದ ಯಾವುದಾದರೂ ಬಿಲ್ ಇದೆಯಾ?" ಎಂದು ಕೇಳಿದ. ಅವನ ಕಂಪನಿ, ಅವನ ದುಡ್ಡು, ಅವನೇ ನನ್ನ ದವಡೆ ನೋಡಿ ಹೆದರಿದ್ದ. ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿಸಿಕೊಂಡಿದ್ದು ನನ್ನ ಖರ್ಚಿನಲ್ಲಿ. ಕಂಪನಿಯ ಸ್ಥಿರತೆಗಾಗಿ ಮಾಡಿಸಿದ್ದು, ಬಿಲ್ ಹಾಕಬಹುದಿತ್ತು. ಅಂದಿನಿಂದ ತಿಂಗಳ ಕೊನೆಯ ವಾರದಲ್ಲಿ ನಾನು ಸ್ವಲ್ಪ ಹಲ್ಲು ಬಿಟ್ಟುಕೊಂಡೇ ಓಡಾಡುತ್ತೇನೆ.

ಈ ಹುಡುಗರು ಸಂಬಳ ಕಮ್ಮಿಯಾದರೂ ಇಲ್ಲಿರುವುದು ಷೇರಿನ ಆಸೆಗೆ. ಈಸಾಪ್ ಎಂಬ ಪತ್ರ ಪ್ರತಿಯೊಬ್ಬರ ಬಳಿಯೂ ಇದೆ, ನನ್ನ ಬಳಿಯೂ. ಇನ್ಫೋಸಿಸ್ ಷೇರು ಸಿಕ್ಕವರು ಕಟ್ಟಿಸಿದ ಮನೆಗಳ ಕಥೆ ಕೇಳದೆ ಬೆಳೆದ ಬೆಂಗಳೂರಿಗರು ಇದ್ದಾರೆಯೇ? ಪತ್ರ ಕೊಟ್ಟ ದಿನ ಒಬ್ಬ ಕ್ಯಾಲ್ಕ್ಯುಲೇಟರ್ ಹಿಡಿದು, ಕಂಪನಿಗೆ ಸಾವಿರ ಕೋಟಿ ಬೆಲೆ ಬಂದರೆ ತನಗೆಷ್ಟು ಎಂದು ಗುಣಿಸಿ ಜಯನಗರದಲ್ಲಿ ಸೈಟು ನೋಡುವ ಮಟ್ಟಕ್ಕೆ ಹೋಗಿದ್ದ. ನಾನು ಬಂದು ಹಾಳುಮಾಡಿದೆ. ಪತ್ರ ಕೊಟ್ಟ ದಿನದಿಂದ ಕನಿಷ್ಠ 1 ವರ್ಷ ಕಳೆಯದೆ ಒಂದು ಷೇರಿನ ಹಕ್ಕೂ ಬರುವುದಿಲ್ಲ, ಅದು ಕಂಪನಿ ಕಾನೂನಿನ ನಿಯಮ. ಪೂರ್ತಿ ಬರಲು ಸಾಮಾನ್ಯವಾಗಿ 4 ವರ್ಷ ಅಂತ ಇಟ್ಟಿರುತ್ತಾರೆ. ಹಕ್ಕು ಬಂದ ಮೇಲೆ ಷೇರು ತೆಗೆದುಕೊಳ್ಳುವಾಗ ನೀವು ಕೊಟ್ಟ ಬೆಲೆಗೂ ಆ ದಿನದ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳ ಎಂದೇ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ, ಕೈಗೆ ಒಂದು ರೂಪಾಯಿ ಬರುವ ಮೊದಲೇ. ಇಷ್ಟು ಹೇಳಿದ್ದಕ್ಕೆ ನನ್ನನ್ನು ಎರಡು ದಿನ ಗೋಬಿ ಮಂಚೂರಿಗೆ ಕರೆಯಲಿಲ್ಲ. ಗ್ರ್ಯಾಚುಟಿಯ ಮಾತು ಎತ್ತಲೇ ಇಲ್ಲ ಬಿಡಿ, ಅದಕ್ಕೆ 5 ವರ್ಷ ಬೇಕು, ನಮ್ಮ ಕಂಪನಿಗೇ ಇನ್ನೂ ಮೂರು ತುಂಬಿಲ್ಲ.

ರಜೆಗೆ ಮಿತಿಯೇ ಇಲ್ಲವಂತೆ. ಬೇಕಾದಷ್ಟು ತಗೊಳ್ಳಿ ಎಂದು ಸೇರುವಾಗ ಕೊಟ್ಟ ಪತ್ರದಲ್ಲಿ ದೊಡ್ಡಕ್ಷರದಲ್ಲಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯವರು 1961ರಲ್ಲೇ 20 ದಿನ ದುಡಿದರೆ 1 ದಿನ ಗಳಿಕೆ ರಜೆ ಎಂದು ಜಿಪುಣತನದಿಂದ ಎಣಿಸಿಟ್ಟರಲ್ಲ, ಆ ಎಣಿಕೆಯ ಬೆಲೆ ನನಗೆ ಈಗ ತಿಳಿಯುತ್ತಿದೆ. ಎಣಿಸಿದ ರಜೆ ನಿಮ್ಮದು, ಖರ್ಚಾಗದಿದ್ದರೆ ಹೊಟ್ಟೆ ಉರಿಯುತ್ತದೆ, ಹಟ ಹಿಡಿದು ಹಾಕುತ್ತೀರಿ. ಎಣಿಸದ ರಜೆಯನ್ನು ಹದಿನೇಳು ಜನರ ಎದುರು ಕೇಳಬೇಕು. ಎಲ್ಲರೂ "ಓ, ಖಂಡಿತ, ಹೋಗಿ ಬನ್ನಿ" ಅನ್ನುತ್ತಾರೆ. ಹಾಗೆ ಅನ್ನುವಾಗಿನ ಮುಖ ನೋಡಿ ನೀವೇ ಎರಡು ದಿನ ಕಡಿಮೆ ಮಾಡಿಕೊಳ್ಳುತ್ತೀರಿ.

ಊಟದ ಡಬ್ಬಿಯೂ ಸಾರ್ವಜನಿಕ ಆಸ್ತಿ. ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ ಸಾರು ತಂದ ತಪ್ಪಿಗೆ ಈಗ ವಾರಕ್ಕೊಂದು ದಿನ ದೊಡ್ಡ ಕ್ಯಾರಿಯರ್ ಹೊರಬೇಕಾಗಿದೆ. ಕಾನ್ಪುರದ ಹುಡುಗನೊಬ್ಬ ಒಂದು ರಾಶಿ ಕಾಳು ಹಿತುಕುವುದನ್ನೂ ಕಲಿತ, ಆ ದಿನದ ಸ್ಟ್ಯಾಂಡಪ್ಪಿನಲ್ಲಿ ಅದನ್ನು ಕೆಲಸ ಎಂದು ಬರೆಸಲೂ ನೋಡಿದ. ನಮ್ಮೆಜಮಾನರು ಗೊಣಗುತ್ತಾರೆ: "ಸಂಬಳ ಒಬ್ಬಳಿಗೆ, ಅಡುಗೆ ಹದಿನೆಂಟು ಜನಕ್ಕೆ."

ಆಯುಧಪೂಜೆ ಮಾಡಿಸಿದ್ದೂ ನಾನೇ. ಸ್ಥಾಪಕನಿಗೆ ಉತ್ಸಾಹ ಬಂದು ಸರ್ವರಿಗೆ ಪೂಜೆ ಮಾಡೋಣ ಅಂದ. ಎಲ್ಲಿದೆ ಸರ್ವರ್? ಬಾಡಿಗೆಯ ಸರ್ವರ್, ಅಮೆಜಾನಿನವರ ಮುಂಬೈ ಕೇಂದ್ರದಲ್ಲಿದೆ. ಕಡೆಗೆ ವೈಫೈ ಡಬ್ಬಕ್ಕೆ ಚೆಂಡುಹೂವಿನ ಹಾರ ಹಾಕಿ, ಲ್ಯಾಪ್‌ಟಾಪುಗಳಿಗೆ ವಿಭೂತಿ ಎಳೆದು, ನನ್ನ ಕ್ಯಾಲ್ಕ್ಯುಲೇಟರಿಗೆ ಕುಂಕುಮ ಇಟ್ಟೆವು. ಬೂದುಗುಂಬಳಕಾಯಿ ಗೇಟಿನ ಮುಂದೆ ಒಡೆದಾಗ ಮಾಲೀಕರ ಮನೆಯಾಕೆಯ ಮುಖದಲ್ಲಿ ಕಂಡ ತೃಪ್ತಿ ಬಾಡಿಗೆ ಏರಿಸಿದ ದಿನವೂ ಕಂಡಿರಲಿಲ್ಲ. ಕ್ಯಾಲ್ಕ್ಯುಲೇಟರಿನ ಏಳರ ಕೀಲಿಯೊಳಗೆ ಕುಂಕುಮ ಹೋಗಿ ಕೂತಿದೆ, ಒತ್ತಿದರೆ ಎರಡು ಸಲ ಬೀಳುತ್ತದೆ. ಹೊಸದು ತರಿಸಬಹುದು, ಮಂಜೂರು ಮಾಡಬೇಕಾದವಳು ನಾನೇ ಆದ್ದರಿಂದ ತಡವಾಗುತ್ತಿದೆ.

ಇನ್ನು ಮಾವನವರ ಪಿಎಫ್. ಈಗಲೂ ದಿನ ಬಿಟ್ಟು ದಿನ ಕೇಳುತ್ತಾರೆ. ಕಾನೂನು ಹೀಗಿದೆ: 20 ಜನ ದುಡಿಯುವ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದವರು ಮನಸ್ಸು ಮಾಡಿದರೆ ತಾವಾಗಿ ನೋಂದಾಯಿಸಿಕೊಳ್ಳಬಹುದು. ನಮ್ಮ ಸ್ಥಾಪಕನಿಗೆ ಮನಸ್ಸಿದೆ, "ಮುಂದಿನ ಸುತ್ತಿನ ದುಡ್ಡು ಬರಲಿ" ಅನ್ನುತ್ತಾನೆ. ಎರಡು ಸಲ ಗಂಟೆ ಬಾರಿಸಿಯಾಯಿತು, ಸುತ್ತು ಬಂದಿಲ್ಲ. ಕಾಫಿ ಮಾಡುವ ಅಮ್ಮನನ್ನೂ ಹಿಡಿದು ನಾವೀಗ 18 ಜನ. ಕಾನೂನಿನಲ್ಲಿ ಇನ್ನೊಂದು ಸೊಗಸಿದೆ: ಒಮ್ಮೆ 20 ಮುಟ್ಟಿದರೆ ಮುಗಿಯಿತು, ಆಮೇಲೆ ಸಂಖ್ಯೆ ಇಳಿದರೂ ಪಿಎಫ್ ನಿಲ್ಲಿಸುವ ಹಾಗಿಲ್ಲ.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಮಗೆ ಆ್ಯಪು ಪರೀಕ್ಷೆ ಮಾಡಬಲ್ಲವರೊಬ್ಬರು, ಪಿಜಿ ಮಾಲೀಕರ ಬಳಿ ಹೋಗಿ ಕನ್ನಡದಲ್ಲಿ ಮಾತಾಡಬಲ್ಲವರೊಬ್ಬರು ಬೇಕಾಗಿದ್ದಾರೆ. ಸಂಬಳ ಸುಮಾರು, ಊಟ ಚೆನ್ನಾಗಿರುತ್ತದೆ. ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಅಂಥವರಿದ್ದರೆ ದಯವಿಟ್ಟು ಕಳಿಸಿಕೊಡಿ. ಇಬ್ಬರೂ ಒಟ್ಟಿಗೇ ಬರಬೇಕು. ಇಷ್ಟವಾಗದಿದ್ದರೆ ಮುಂದಿನ ತಿಂಗಳೇ ಬಿಟ್ಟು ಹೋಗಲಿ, ನನ್ನ ಅಭ್ಯಂತರವಿಲ್ಲ.